ಅಮೆರಿಕದಮ್ಮ ಅಮೆರಿಕದವರಲ್ಲ

"ಅಮೆರಿಕದಿಂದ ಒಬ್ಬಮ್ಮ ಬಂದಿದ್ರು ಕಣಾ. ಮಕ್ಕಳ ನೆತ್ತಿ ಮೇಲೆ ಕೈ ಮಡಗಿ ನೋಡ್ಬುಟ್ಟು, ಇದು ಜಾಣ, ಇದು ದಡ್ಡ ಅಂತ ಯೋಳ್ಬುಡೋರು. ಅವ್ರು ಯೋಳಿದ್ದು ಒಂದೂ ಸುಳ್ಳಾಗ್ನಿಲ್ಲ."

ಹಂಗಳದಿಂದ ಭೀಮನಬೀಡಿನವರೆಗೆ ಯಾವ ಟೀ ಅಂಗಡಿಯಲ್ಲಿ ಕುಳಿತರೂ ಈ ಕಥೆ ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಸಿಗುತ್ತದೆ. ಇದರಲ್ಲಿ ನಿಜವಾದದ್ದು ಆ ಕೈ ಒಂದೇ. ಅದು ಅಗಲವಾದ, ಚೌಕನೆಯ ಕೈ. ಬೆರಳ ಗೆಣ್ಣುಗಳು ಯಾವುದೋ ಕಾಲದ ಚಳಿಗೆ ಒಡೆದು, ಮಾಗಿ, ಮತ್ತೆ ಒಡೆದು ಮರದ ತೊಗಟೆಯಂತಾಗಿದ್ದವು. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಅಂಗೈ ತಣ್ಣಗಿರುತ್ತಿತ್ತು. ಸಂತೆಯಲ್ಲಿ ಕುಂಬಳಕಾಯಿ ಆರಿಸುವವರು ಅಂಗೈ ಇಟ್ಟು ನೋಡುವ ಹಾಗೆ ಆ ಅಮ್ಮ ಅದನ್ನು ಮಗುವಿನ ನೆತ್ತಿಯ ಮೇಲಿಟ್ಟು, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಪರೀಕ್ಷೆಯ ಕಥೆ ಹುಟ್ಟಿಕೊಂಡಿದ್ದು ಆ ಗಳಿಗೆಯಲ್ಲಿ.

ಆ ಹೊತ್ತಿನಲ್ಲಿ ನಾನು ಅಲ್ಲಿದ್ದೆ. ಆದ್ದರಿಂದ ಬರೆಯುತ್ತಿದ್ದೇನೆ. ಗುಂಡ್ಲುಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿತ್ತು. ಎರಡು ಸಾವಿರದ ಇಸವಿ ಕಳೆದ ಮೊದಮೊದಲ ವರ್ಷಗಳಲ್ಲಿ ಮೈಸೂರಿನ ಒಂದು ಸೇವಾ ಸಂಸ್ಥೆಯವರು ಭೀಮನಬೀಡಿನಲ್ಲಿ, ಹಿಂದೆ ಚೆಂಡುಹೂವು ತೂಗುತ್ತಿದ್ದ ಶೀಟಿನ ಕೊಟ್ಟಿಗೆಯೊಂದನ್ನು ಬಾಡಿಗೆಗೆ ಹಿಡಿದು ಮಕ್ಕಳ ಕೇಂದ್ರ ತೆರೆದರು. ಹೂವಿನ ಕೊಯ್ಲಿಗೆ, ದನ ಕಾಯಲಿಕ್ಕೆ ಎಂದು ಶಾಲೆ ಬಿಟ್ಟ ಮಕ್ಕಳನ್ನು ಕೂಡಿಸಿ, ಓದುಬರಹ ಹಿಡಿಸಿ, ಮತ್ತೆ ಶಾಲೆಗೆ ಸೇರಿಸುವುದು ಅವರ ಉದ್ದೇಶ. ಆ ಮಕ್ಕಳ ಬಟ್ಟೆ ಹೊಲಿಯುವ ಕೆಲಸ ನನಗೆ ಬಂತು. ಅಳತೆ ತೆಗೆಯಲು ಹೋದವನು, ಏಳನೆಯ ತರಗತಿ ಬಿಟ್ಟ ಮೇಲೆ ನಿಘಂಟು ಹಿಡಿದು ಕಲಿತ ಇಂಗ್ಲಿಷನ್ನು ಕೇಂದ್ರ ನೋಡಿಕೊಳ್ಳಲು ಬಂದಿದ್ದ ಆ ಅಮ್ಮನ ಮುಂದೆ ಪ್ರಯೋಗಿಸಿ, ಅವರ ಮಾತು ಊರಿಗೆ, ಊರಿನ ಮಾತು ಅವರಿಗೆ ತಲುಪಿಸುವವನಾಗಿ ಉಳಿದೆ.

ಅವರು ಅಮೆರಿಕದವರಲ್ಲ. ಬಂದ ಹೊಸದರಲ್ಲಿ, ಒಂದೆರಡು ಕನ್ನಡ ಮಾತು ಕಲಿಯುತ್ತಿದ್ದಾಗಲೇ, ಅರಳಿಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕೇಳಿದ್ದರು:

"ಯಾವೂರವ್ವ ನಿಂದು?"

"ಅರ್ಮೇನಿಯಾ."

"ಅದೇಯ, ಅಮೇರಿಕ."

"ಅಲ್ಲ ತಾತ. ಅರ್-ಮೇನಿಯಾ."

"ಊಂ ಕಣವ್ವ. ನಾವು ಅಮೇರಿಕ ಅಂತೀವಿ, ನೀವು ಅಂಗಂತೀರಿ. ಎಲ್ಲಾ ಒಂದೇಯ."

ಹಿರಿಯರನ್ನು ದೂರಲಾರೆ. ನನ್ನ ಹಳೆಯ ಭೂಪಟದ ಪುಸ್ತಕದಲ್ಲಿಯೂ ಅರ್ಮೇನಿಯಾ ಪ್ರತ್ಯೇಕ ದೇಶವಾಗಿರಲಿಲ್ಲ. ಸೋವಿಯತ್ ಒಕ್ಕೂಟದ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರವಾಗಿ ಅಡಗಿತ್ತು. ಅಮ್ಮ ಉಗುರಿಟ್ಟು ತೋರಿಸಿದರು. ಒಕ್ಕೂಟ ಮುರಿದ ಮೇಲಿನ ಚಳಿಗಾಲಗಳಲ್ಲಿ ಅಲ್ಲಿನ ಬೆಟ್ಟದ ಹಳ್ಳಿಗಳ ಶಾಲೆಗಳಿಗೆ ಕರೆಂಟಿರಲಿಲ್ಲ, ಬೆಂಕಿಯಿರಲಿಲ್ಲ. ಮಕ್ಕಳು ಒಂದೊಂದು ಕಟ್ಟಿಗೆ ತುಂಡು ಹಿಡಿದು ಶಾಲೆಗೆ ಹೋಗಬೇಕಿತ್ತು. ಕಟ್ಟಿಗೆಯಿಲ್ಲದ ಮನೆಯ ಮಕ್ಕಳು ಬರಿಗೈಯಲ್ಲಿ ಹೋಗಲು ನಾಚಿ ಶಾಲೆಯನ್ನೇ ಬಿಟ್ಟರು. ಇವರು ಮತ್ತು ಇವರ ಕೆಲವು ಗೆಳತಿಯರು ಸೇರಿ ಮಾಡಿದ ಮೊದಲ ಸೇವೆಯೆಂದರೆ ಶಾಲೆಯ ತಿರುವಿನಲ್ಲಿ, ಯಾರಿಗೂ ಕಾಣದ ಕಡೆ, ಕಟ್ಟಿಗೆ ರಾಶಿ ಹಾಕಿಡುವುದು. "ಮಗು ಅಲ್ಲಿ ತಗೊಳ್ಳತ್ತೆ. ಕೈಯಲ್ಲಿ ಇಟ್ಕೊಂಡು ಒಳಗೆ ಹೋಗತ್ತೆ. ಯಾರು ಕೊಟ್ಟರು, ಯಾರಿಗೂ ಗೊತ್ತಿಲ್ಲ," ಎಂದು ವಿವರಿಸಿದ್ದರು.

ಅಲ್ಲಿಂದ ಇಲ್ಲಿಗೆ ಏಕೆ ಬಂದರು ಎಂಬುದು ನನಗೆ ಇಂದಿಗೂ ತಿಳಿಯದು. ಒಮ್ಮೆ ಕೇಳಿದಾಗ ಚಳಿ ಸಾಕಾಗಿತ್ತು ಎಂದರು. ಇನ್ನೊಮ್ಮೆ, ಮೈಸೂರಿನವರು ಕರೆದರು ಎಂದರು. ಮೂರನೆಯ ಸಲ ಕೇಳಿದ್ದಕ್ಕೆ, "ಟೈಲರಣ್ಣ, ನೀವು ಪೊಲೀಸಾ?" ಎಂದು ನಕ್ಕರು.

ಅವರ ಕನ್ನಡಕ್ಕೆ ಮಕ್ಕಳೇ ಗುರುಗಳು. ಹಾಗಾಗಿ 'ಬುಡು', 'ಮಡಗು', 'ಓಗನ' ಇವೇ ಅವರ ಬಾಯಲ್ಲಿ. ರಾಗಿ ರೊಟ್ಟಿ ಸಿಕ್ಕರೆ ಸಾಕು, ಅನ್ನ, ಪಲ್ಯ, ಉಪ್ಪಿನಕಾಯಿ, ಬಾಳೆಹಣ್ಣು, ಏನಿದ್ದರೂ ಅದರಲ್ಲಿ ಸುರುಳಿ ಸುತ್ತಿ ತಿನ್ನುವುದು ಅವರ ದೇಶದ ಅಭ್ಯಾಸ. ಅದನ್ನು ನೋಡಿ ಕೇಂದ್ರದ ಮಕ್ಕಳೆಲ್ಲ ಸುರುಳಿ ಸುತ್ತತೊಡಗಿದ್ದವು. ಸಂಸ್ಥೆಯ ಅಧಿಕಾರಿಯೊಬ್ಬರು ಮೈಸೂರಿನಿಂದ ಬಂದಾಗ, "ಮೇಡಂ, ಓಗನ ಅನ್ನಬಾರದು, ಹೋಗೋಣ ಅನ್ನಬೇಕು," ಎಂದು ತಿದ್ದಿದರು.

"ನಾನು ಓಗನ ಅಂತೀನಿ, ಮಕ್ಕಳು ಬರ್ತವೆ," ಎಂದರು ಅಮ್ಮ. "ನೀವು ಹೋಗೋಣ ಅನ್ನಿ, ನೋಡಣ."

ಅಧಿಕಾರಿ ಮಕ್ಕಳ ಕಡೆ ತಿರುಗಿ "ಹೋಗೋಣವೇ?" ಎಂದರು. ಒಂದೂ ಕದಲಲಿಲ್ಲ.

ಇನ್ನು ಜಾಣತನದ ವಿಷಯ. ಮಾದೇವಿ ಎಂಬ ಹುಡುಗಿಯಿದ್ದಳು. ಒಂಬತ್ತೋ ಹತ್ತೋ ವಯಸ್ಸು. ಇವಳ ತಲೆಗೆ ಏನೂ ಹತ್ತುವುದಿಲ್ಲ ಎಂದು ಮೊದಲು ಶಾಲೆಯವರು, ಆಮೇಲೆ ಮನೆಯವರು, ಕೊನೆಗೆ ಅವಳೇ ಒಪ್ಪಿಕೊಂಡಿದ್ದರು. ಅವಳ ಚಿಕ್ಕಮ್ಮ ರಾಜ್ಯದ ಗಡಿಯಾಚೆಯ ಬತ್ತೇರಿ ಪೇಟೆಯಲ್ಲಿ ಮನೆಗೆಲಸಕ್ಕಿದ್ದಳು. ಅಲ್ಲೇ ಇನ್ನೊಂದು ಮನೆಯಲ್ಲಿ ಮಗು ಆಡಿಸಲು ಹುಡುಗಿ ಬೇಕಾಗಿತ್ತು. ಒಂದು ಬೆಳಿಗ್ಗೆ ಅವಳ ಅಪ್ಪ ಕೇಂದ್ರಕ್ಕೆ ಬಂದು ಮಗಳ ಮಣಿಕಟ್ಟು ಹಿಡಿದ. ನಾನು ಅಳತೆ ಟೇಪು ಹಿಡಿದು ಮೂಲೆಯಲ್ಲಿದ್ದೆ.

"ಬತ್ತೇರಿ ಬಸ್ ಬಂದ್ಬುಡ್ತದೆ, ನಡಿ ಕಣಮ್ಮಿ. ಅಲ್ಲಿ ಒಟ್ಟೆ ತುಂಬ ಉಣ್ಣಕ್ಕಾರ ಸಿಕ್ತದೆ."

ಹುಡುಗಿ ಬಾಯಿಬಿಟ್ಟು ಅಳಲಿಲ್ಲ. ಕಂಬವನ್ನು ಇನ್ನೊಂದು ಕೈಯಲ್ಲಿ ಸುತ್ತಿ ಹಿಡಿದು ನಿಂತಳು. ಅಮ್ಮ ಬಂದರು. ಅವರಿಗೆ ಬತ್ತೇರಿಯೂ ಗೊತ್ತಿಲ್ಲ, ಬಸ್ಸೂ ಗೊತ್ತಿಲ್ಲ. ಮಗು ಹೆದರಿದೆ ಎಂಬುದಷ್ಟೇ ಗೊತ್ತು. ನೆತ್ತಿಯ ಮೇಲೆ ಆ ತಣ್ಣನೆಯ ಕೈ ಇಟ್ಟು, "ಮಾದೇವಿ ಜಾನ್," ಎಂದರು. "ಮಾದೇವಿ ಜಾನ್, ಅಳಬ್ಯಾಡ."

ಅಪ್ಪ ನನ್ನ ಕಡೆ ನೋಡಿದ. "ಏನಂದ್ರು ಟೈಲರಣ್ಣ? ಜಾಣ ಅಂದ್ರಾ?"

ನನಗೂ ಹಾಗೆಯೇ ಕೇಳಿಸಿತ್ತು. ಹಾಗೆಂದೇ ಹೇಳಿದೆ.

"ಎಣ್ಮಗಿಗೆ ಜಾಣೆ ಅನ್ಬೇಕು," ಎಂದ ಅವನು, ತಿದ್ದುವವನಂತೆ. ಆಮೇಲೆ ಮೆಲ್ಲಗೆ, "ತಲೆ ಮುಟ್ಟಿ ನೋಡವ್ರೆ. ಅಮೇರಿಕದೋರು ಸುಮ್ಸುಮ್ನೆ ಅಂದಾರಾ?" ಎಂದ. ಕೈ ಸಡಿಲವಾಯಿತು. ಬಸ್ಸು ಅವರನ್ನು ಬಿಟ್ಟು ಬತ್ತೇರಿಗೆ ಹೋಯಿತು.

ಮರುದಿನದಿಂದ ಕೊಟ್ಟಿಗೆಯ ಮುಂದೆ ತಾಯಂದಿರು ಮಕ್ಕಳನ್ನು ಹಿಡಿದು ನಿಲ್ಲತೊಡಗಿದರು. ಅಮ್ಮನಿಗೆ ಕಾರಣ ತಿಳಿಯದು. ಊರಿನ ಪದ್ಧತಿ ಇರಬೇಕೆಂದುಕೊಂಡು ಎಲ್ಲರ ನೆತ್ತಿಯ ಮೇಲೂ ಕೈಯಿಟ್ಟು, ಹೆಸರು ಕೇಳಿ, ಹೆಸರಿನ ಮುಂದೆ ಅದೇ ಮಾತು ಸೇರಿಸಿದರು. ಅರಳಿಕಟ್ಟೆಯ ಹಿರಿಯರೂ ಬಂದು, "ನನ್ ತಲೆ ಮೇಲೂ ಒಸಿ ಮಡಗವ್ವ, ಏನಾರ ಉಳ್ಕಂಡದಾ ನೋಡನ," ಎಂದು ಬೋಳುತಲೆ ಬಗ್ಗಿಸಿದರು.

"ತಾತ ಜಾನ್!"

"ಏಯ್, ತಾತನೂ ಜಾಣನೇ ಕಣ್ಲಾ!" ಎಂದು ಊರು ನಕ್ಕಿತು.

ಕೆಡಿಸಿದ್ದು ಒಂದು ಮೇಕೆ. ಕೊಟ್ಟಿಗೆಗೆ ನುಗ್ಗಿ ಮಕ್ಕಳ ಸ್ಲೇಟಿನ ಮೇಲೆ ಕಾಲಿಟ್ಟ ಮೇಕೆಯನ್ನು ಅಮ್ಮ ಕೊರಳು ಬಳಸಿ ಹೊರಗೆ ಕರೆದೊಯ್ಯುತ್ತ, ಅದಕ್ಕೂ 'ಜಾನ್' ಎಂದರಂತೆ. ಪಕ್ಕದ ಮನೆಯ ಅಜ್ಜಿ ಅದನ್ನು ಕೇಳಿಸಿಕೊಂಡಳು. ಸಂಜೆಯೊಳಗೆ ಮಾತು ಊರು ಸುತ್ತಿತು. ಮಾದೇವಿಯ ಅಪ್ಪ ನನ್ನ ಅಂಗಡಿಗೆ ಬಂದು, ಮಿಷನ್ನಿನ ಪಕ್ಕ ನೆಲದ ಮೇಲೆ ಕುಳಿತ.

"ಆಡ್ಗೂ ಅಂಗೇ ಅಂದ್ರಂತಲ್ಲ ಟೈಲರಣ್ಣ, ದಿಟವಾ?"

"ನಾನು ನೋಡಲಿಲ್ಲ."

"ಆಡೂ ಜಾಣ, ನನ್ ಮಗ್ಳೂ ಜಾಣ ಅಂದ್ರೆ, ನನ್ ಮಗ್ಳು ಏನಾದ್ಲು? ಅವ್ಳ ಚಿಕ್ಕಮ್ಮ ಇನ್ನೂ ಕೇಳ್ತಾವ್ಳೆ. ಸರಿಯಾಗಿ ಒಂದ್ ಮಾತು ವಿಚಾರಿಸ್ಬುಡು. ಇಲ್ದಿದ್ರೆ ನಾಳಿದ್ದು ಕಳಿಸ್ಬುಡ್ತೀನಿ."

ಮರುದಿನ ಹೋಗಿ ವಿಚಾರಿಸಿದೆ. ಜಾನ್ ಎಂಬುದು ಅವರ ಭಾಷೆಯಲ್ಲಿ ಪ್ರೀತಿಯಿಂದ ಹೆಸರಿಗೆ ಸೇರಿಸುವ ಮಾತು. ಅರ್ಥ ಜೀವ, ಪ್ರಾಣ. ಗಂಡಾದರೂ ಹೆಣ್ಣಾದರೂ ಅದೇ. ಅಂಗಡಿಯವನಿಗೂ ಅನ್ನುತ್ತಾರೆ, ನಾಯಿಗೂ ಅನ್ನುತ್ತಾರೆ. ನಮ್ಮ ಭಾಷೆಯಲ್ಲಿ ಅದು ಏನಾಗಿ ಕೇಳಿಸುತ್ತಿದೆ, ಆ ತಾಯಂದಿರು ಏತಕ್ಕೆ ಸಾಲು ನಿಂತಿದ್ದಾರೆ, ಮಾದೇವಿ ಏಕೆ ಉಳಿದಿದ್ದಾಳೆ ಎಂಬುದನ್ನು ನಾನು ಬಿಡಿಸಿ ಹೇಳಿದೆ. ಅವರು ಮೊದಲು ನಕ್ಕರು. ನಡುವೆ ನಗು ನಿಂತಿತು. ಅಂಗೈ ತಿರುಗಿಸಿ ನೋಡಿಕೊಂಡರು.

ನನ್ನ ಸಲಹೆ ಸುಮ್ಮನಿರುವುದಾಗಿತ್ತು. ಮೇಕೆಯ ಮಾತು ಸುಳ್ಳು ಎಂದುಬಿಟ್ಟರೆ ಹುಡುಗಿ ಉಳಿಯುತ್ತಾಳೆ, ಇದರಿಂದ ಯಾರಿಗೆ ನಷ್ಟ ಎಂದೆ. "ಅಪ್ಪ ನನ್ನ ಕೇಳಿದಾನೆ," ಎಂದರು. "ಓಗನ."

ಮಾದೇವಿಯ ಮನೆಯ ಜಗಲಿಯ ಮೇಲೆ ಕುಳಿತು, ತಮಗೆ ಬಂದಷ್ಟು ಕನ್ನಡದಲ್ಲಿ ತಾವೇ ಹೇಳಿದರು: "ಜಾನ್ ಅಂದ್ರೆ ಜೀವ. ಜಾಣ ಅಲ್ಲ. ನಾನು ತಲೆ ಪರೀಕ್ಷೆ ಮಾಡ್ಲಿಲ್ಲ. ನನಗೆ ಅದು ಬರಲ್ಲ."

ಅಪ್ಪ ನೆಲ ನೋಡಿದ. "ಅಂಗಾರೆ ಇವ್ಳು ದಡ್ಡಿನಾ ಅಮ್ಮಾವ್ರೇ?"

"ಗೊತ್ತಿಲ್ಲ. ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಇಲ್ಲಿ ಬುಡಿ. ಆಮೇಲೆ ಗೊತ್ತಾಗತ್ತೆ."

ಅವನು ಬೀಡಿ ಹಚ್ಚಿದ. ನನ್ನ ಕಡೆ ತಿರುಗಿ ಸಿಟ್ಟಿನಿಂದ ಅಂದ: "ಇದ ಅವತ್ತೇ ಯೋಳಿದ್ರೆ ಅವತ್ತೇ ಕಳಿಸ್ಬುಡ್ತಿದ್ದೆ. ಈಗ ನನ್ ಮಗ್ಳು ಜಾಣೆ ಅಂತ ಊರ್ಗೆಲ್ಲಾ ಯೋಳ್ಬುಟ್ಟಿವ್ನಿ. ಈಗ ಎಂಗ್ಲಾ ಕಳಿಸ್ಲಿ? ಮಕ ಎಲ್ಲಿ ಮಡೀಕಳ್ಲಿ?"

ಹುಡುಗಿ ಉಳಿದಳು. ಅಷ್ಟೇ ಅಲ್ಲ, ಎರಡೇ ದಿನದಲ್ಲಿ ಅವನು ಊರಿಗೆ ಬೇರೆಯೇ ವಿವರಣೆ ಕೊಟ್ಟಿದ್ದ: ವಿದ್ಯೆ ಇದ್ದವರು ತಮ್ಮ ಬಾಯಲ್ಲಿ ಒಪ್ಪಿಕೊಳ್ಳುವುದಿಲ್ಲ, ಅಮ್ಮಾವ್ರು ಮನೆಗೇ ಬಂದು ಬರಲ್ಲ ಅಂದರು, ಅಲ್ಲಿಗೆ ವಿದ್ಯೆ ಇರೋದು ಖಂಡಿತ. ಅಮ್ಮ ಕಂಡಕಂಡವರಿಗೆಲ್ಲ ಜೀವ, ಜೀವ ಎಂದು ತಿದ್ದುತ್ತ ಹೋದರು. ತಿದ್ದಿದಷ್ಟೂ ಕಥೆ ಬಲಿಯಿತು. ನಿಜ ಹೇಳುವುದರಿಂದ ಸುಳ್ಳು ಗಟ್ಟಿಯಾಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅದು ಹೇಗೆಂದು ಈಗಲೂ ಅರ್ಥವಾಗಿಲ್ಲ.

ಮಾದೇವಿ ಶಾಲೆಗೆ ಮರಳಿದಳು. ಕೆಲವು ವರ್ಷಗಳಲ್ಲಿ ಸಂಸ್ಥೆ ಕೇಂದ್ರವನ್ನು ಮುಚ್ಚಿತು, ಅಮ್ಮ ತಮ್ಮ ದೇಶಕ್ಕೆ ಹೋದರು. ಏಕೆ ಹೋದರು ಎಂಬುದಕ್ಕೂ ಎರಡು ಮೂರು ಉತ್ತರಗಳಿವೆ. ನನಗೆ ಯಾವುದರಲ್ಲೂ ನಂಬಿಕೆಯಿಲ್ಲ. ಹೊರಡುವ ಮುನ್ನ ಅಂಗಡಿಗೆ ಬಂದು ನನ್ನ ನರೆತ ತಲೆಯ ಮೇಲೆ ಕೈಯಿಟ್ಟರು. ಏನೋ ಅಂದರು. ರಸ್ತೆಯಲ್ಲಿ ಲಾರಿ ಹೋಗುತ್ತಿತ್ತು, ಕೇಳಿಸಲಿಲ್ಲ. ಆಮೇಲೊಂದು ದಿನ ಸಂಸ್ಥೆಯ ಆ ಅಧಿಕಾರಿ ಫೋನು ಮಾಡಿ, ಅಮ್ಮ ತೀರಿಕೊಂಡರಂತೆ ಎಂದರು. ಯಾವ ಕಾಯಿಲೆ, ಯಾವ ಊರು ಎಂದು ಕೇಳಿದೆ. ಅವರಿಗೂ 'ಅಂತೆ' ಎಂಬುದರ ಆಚೆಗೆ ತಿಳಿದಿರಲಿಲ್ಲ.

ಅವರ ಋಣ ನನ್ನ ಮೇಲಿದೆ. ತಾವು ಮಾಡದ್ದನ್ನು ಊರು ತಮ್ಮ ಹೆಸರಿಗೆ ಹಚ್ಚಿದಾಗ ಅದನ್ನು ಅಳಿಸಲು ಬಿಸಿಲಲ್ಲಿ ಮನೆಮನೆಗೆ ನಡೆದವರನ್ನು ನಾನು ಬೇರೆ ಕಂಡಿಲ್ಲ. ಆದ್ದರಿಂದಲೇ ಈ ತಿದ್ದುಪಡಿಯನ್ನು ಬರೆಯಬೇಕೆನಿಸಿತು: ಮಾದೇವಿಯನ್ನು ಉಳಿಸಿದ್ದು ಪರೀಕ್ಷೆಯಲ್ಲ, ಕಿವಿಯ ತಪ್ಪು. ಇದು ನನ್ನ ಸಿದ್ಧಾಂತವಾಗಿತ್ತು. ಬರೆಯುವ ಮುಂಚೆ, ಬದುಕಿರುವ ಸಾಕ್ಷಿಯನ್ನು ಒಮ್ಮೆ ಕೇಳಿಬಿಡುವುದು ಧರ್ಮವೆಂದು ಗುಂಡ್ಲುಪೇಟೆಯ ಬಸ್ ನಿಲ್ದಾಣಕ್ಕೆ ಹೋದೆ. ಮಾದೇವಿ ಈಗ ಚಾಮರಾಜನಗರದ ಬಸ್ಸಿನಲ್ಲಿ ಕಂಡಕ್ಟರು. ಗಣಿತದಲ್ಲಿ ಒಮ್ಮೆ ನಪಾಸಾಗಿ, ಮತ್ತೆ ಪರೀಕ್ಷೆ ಕಟ್ಟಿ ಪಾಸಾದವಳು. ನಾನು ಹತ್ತಿ ಕುಳಿತು, ಜಾನ್, ಜಾಣ ಎಂಬ ಮಾತುಗಳ ವಿಷಯವನ್ನು ಮೊದಲಿನಿಂದ ವಿವರಿಸಿದೆ. ಅವಳು ಬೇರೆಯವರಿಗೆ ಟಿಕೆಟ್ ಹರಿಯುತ್ತಲೇ ಕೇಳಿದಳು.

"ಅವ್ರು ಜಾನ್ ಅಂದ್ರೋ, ಜಾಣ ಅಂದ್ರೋ, ಅದ್ಯಾವ್ದೂ ಅಲ್ಲ ಟೈಲರಣ್ಣ," ಎಂದಳು. "ಅಮ್ಮ ಬರಕ್ಕೂ ಮುಂಚೇಲೆ ಅಪ್ಪ ನನ್ ಕೈ ಬುಟ್ಬುಟ್ಟಿದ್ದ."

"ನಾನೇ ನೋಡಿದೆನಲ್ಲ, ಹಿಡಿದಿದ್ದ."

"ನೀವು ನೋಡಿದ್ದು ಅವನ ಕೈಯ. ಮಣಿಕಟ್ಟು ನಂದು, ಹಿಡಿತ ಸಡ್ಲಾಗಿದ್ದು ನಂಗೊತ್ತು."

"ಹಾಗಾದರೆ ಅವನು ಏಕೆ ಜಾಣ, ಜಾಣ ಎಂದು ಊರೆಲ್ಲ ಹೇಳಿದ?"

ಅವಳು ಸೀಟಿ ಊದಿ ಬಸ್ಸು ನಿಲ್ಲಿಸಿದಳು, ಒಬ್ಬ ಮುದುಕಿಯನ್ನು ಇಳಿಸಿದಳು, ಮತ್ತೆ ಊದಿದಳು.

"ಮಗಳ ಕಳಿಸಕ್ಕೆ ಮನ್ಸು ಬರ್ನಿಲ್ಲ ಅಂತ ಯಾವ ಗಂಡಸು ಬಾಯ್ಬುಟ್ಟು ಯೋಳಾನು?" ಎಂದು ಮುಂದಿನ ಸೀಟಿಗೆ ಹೋದಳು.

ಅವಳಪ್ಪ ಇನ್ನೂ ಭೀಮನಬೀಡಿನಲ್ಲಿದ್ದಾನೆ. ಕೇಳಿದರೆ ಅಮೆರಿಕದ ಪರೀಕ್ಷೆಯ ಕಥೆಯನ್ನೇ ಹೇಳುತ್ತಾನೆ. ನಾನು ನನ್ನದನ್ನು ಹೇಳಿದ್ದೇನೆ. ಮಗಳು ಚಾಮರಾಜನಗರದ ಬಸ್ಸಿನಲ್ಲಿ ಸಿಗುತ್ತಾಳೆ, ಸಂಶಯವಿದ್ದವರು ಹೋಗಿ ಕೇಳಬಹುದು. ಮೊದಲು ಟಿಕೆಟ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಮಾತಾಡುವುದಿಲ್ಲ.