ಬಾತುಕೋಳಿಗೆ ಇನ್ನೂರು ನಾಣ್ಯ

ಕಾರಿನ ಬಾನೆಟ್ಟಿನ ಮೇಲೆ ಐದು ವಸ್ತುಗಳಿದ್ದವು. ಪಾಕೀಟು, ಮೊಬೈಲು, ಕನ್ನಡಕದ ಡಬ್ಬಿ, ಕೈಗಡಿಯಾರ, ನಾಲ್ಕು ಮಡಿಕೆ ಹಾಕಿದ ಕರವಸ್ತ್ರ. ಮಳೆ ಬೀಳುತ್ತಿತ್ತು. ವೈಪರ್ ಒಮ್ಮೆ ಗಾಜು ಒರೆಸಿದಾಗ ಆ ಐದರ ಆಚೆ, ನೀರಿನಲ್ಲಿ, ಛತ್ರಿ ಹಿಡಿದ ಅಪ್ಪ ಕಂಡರು. ಮತ್ತೊಮ್ಮೆ ಒರೆಸಿದಾಗ ಐದು ವಸ್ತುಗಳು ಮಾತ್ರ ಕಂಡವು.

ಅಪ್ಪ ಈಗ ಆರಾಮಾಗಿದ್ದಾರೆ. ಇದನ್ನು ಮೊದಲೇ ಹೇಳಿಬಿಡಬೇಕು. ಈ ಸಂಗತಿಯನ್ನು ನಾನು ಯಾರಿಗೆ ಹೇಳಲು ಕುಳಿತರೂ ಅವರು ಪಕ್ಕದ ಕೋಣೆಯಿಂದ, "ನಾ ಇನ್ನಾ ಇದ್ದೀನಿ ಅಂತ ಮೊದಲ ಹೇಳು ಯವ್ವಾ, ಮಂದಿ ಅಳ್ಲಿಕ್ಕೆ ಚಾಲೂ ಮಾಡ್ತಾರ" ಎಂದು ಕೂಗುತ್ತಾರೆ. ಅವರಿಗೆ ಅದು ಮುಗಿದ ಮಾತು. ನನಗೆ ಮಾತ್ರ ವೈಪರಿನ ಆ ಎರಡು ಒರೆತಗಳ ನಡುವಿನ ಹೊತ್ತು ಇನ್ನೂ ಮುಗಿದಿಲ್ಲ. ಪಾತ್ರೆ ತೊಳೆಯುವಾಗ, ಲಿಫ್ಟಿಗೆ ಕಾಯುವಾಗ, ಅದು ತಾನಾಗಿ ಮೊದಲಿನಿಂದ ಶುರುವಾಗುತ್ತದೆ.

ಅಪ್ಪನದು ಬೀದರ ಜಿಲ್ಲೆ. ಹರೆಯದಲ್ಲಿ ನಾಸಿಕ್ ರೋಡ್ ಎಂಬ ಊರಿಗೆ ಬಂದು, ನೋಟು ಅಚ್ಚಾಗುವ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲೇ ನಿವೃತ್ತರಾದರು. ಅಲ್ಲಿಂದ ಅವರು ಮನೆಗೆ ತಂದದ್ದು ಒಂದೇ ಒಂದು, ಒಂದು ಅಭ್ಯಾಸ. ಯಾವ ಬಾಗಿಲು ದಾಟುವುದಿದ್ದರೂ ಕಿಸೆಯಲ್ಲಿದ್ದುದನ್ನೆಲ್ಲ ತೆಗೆದು ಸಾಲಾಗಿ ಇಡುತ್ತಾರೆ. ಖಾಲಿ ಕಿಸೆಗಳನ್ನು ಎರಡೂ ಕೈಯಿಂದ ತಟ್ಟಿ ನೋಡುತ್ತಾರೆ. ಆಮೇಲೆ ಒಂದೊಂದಾಗಿ ಒಳಗೆ ಹಾಕಿಕೊಳ್ಳುತ್ತಾರೆ. ಇಷ್ಟು ವರ್ಷ ಗೇಟಿನಲ್ಲಿ ತಪಾಸಣೆಗೆ ನಿಂತು ನಿಂತು ಕೈಗೆ ಅಂಟಿದ್ದು. ಕೊತ್ತಂಬರಿ ತರಲು ಹೊರಟರೂ ಅಷ್ಟೇ, ಮದುವೆಗೆ ಹೊರಟರೂ ಅಷ್ಟೇ. ಅವ್ವ ಬಾಗಿಲಲ್ಲಿ ನಿಂತು, "ಆಯ್ತೇನ್ರಿ ತಪಾಸಣಿ? ಇಲ್ಲಾ ನಮ್ಮ ಚಮಚ ಏನರ ಕದ್ದು ಒಯ್ಲಕತ್ತೀರಿ?" ಎನ್ನುತ್ತಾಳೆ.

ನಾನು ಸಂಭಾಜಿನಗರದಲ್ಲಿ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ನಿವೃತ್ತರಾದ ಮೇಲೆ ಅವರಿಗೆ ಹೊತ್ತು ಹೋಗಲೆಂದು ನನ್ನ ಹಳೇ ಟ್ಯಾಬ್ಲೆಟ್ ಕೊಟ್ಟೆ. ಭಜನೆ ಕೇಳಲಿ, ಸುದ್ದಿ ನೋಡಲಿ ಎಂದು ಕೊಟ್ಟದ್ದು. ಅದರಲ್ಲಿ ನಾನು ಕಾಲೇಜಿನಲ್ಲಿದ್ದಾಗ ಆಡಿ ಮುಗಿಸಿದ ಒಂದು ಸಾಹಸದ ಆಟ ಉಳಿದುಬಿಟ್ಟಿತ್ತು. ಕೆಂಪು ದುಪಟ್ಟಾದ ಹುಡುಗಿಯೊಬ್ಬಳು ತನ್ನ ಊರಿನ ಕಳೆದುಹೋದ ಗಂಟೆಯನ್ನು ಹುಡುಕುತ್ತ ಕಾಡು, ಗುಹೆ, ಹಿಮ ದಾಟಿ ಹೋಗುತ್ತಾಳೆ. ದಾರಿಯಲ್ಲಿ ಮಡಕೆ ಒಡೆದರೆ ನಾಣ್ಯ, ಹುಲ್ಲು ಸವರಿದರೆ ನಾಣ್ಯ. ಬೆನ್ನ ಮೇಲೆ ಅಂಗಡಿ ಹೊತ್ತ ಒಂದು ಆಮೆ ಅಲ್ಲಲ್ಲಿ ಸಿಗುತ್ತದೆ. ಅದರ ಹತ್ತಿರ ಬೂಟು, ಕಂಬಳಿ, ಹಗ್ಗ, ಗಾಯಕ್ಕೆ ಮದ್ದು, ಎಲ್ಲ ಇರುತ್ತದೆ.

ರಜೆಗೆ ನಾಸಿಕ್ ರೋಡಿಗೆ ಹೋದಾಗ ಪಕ್ಕದಲ್ಲಿ ಕುಳಿತು ನೋಡಿದೆ, ಅಪ್ಪನಿಗೆ ಗಂಟೆಯ ಚಿಂತೆ ಇರಲಿಲ್ಲ. ಅವರು ಮಡಕೆ ಒಡೆಯಲು ಕುಳಿತರು. ಒಂದೂ ಮಡಕೆ ಬಿಡಲಿಲ್ಲ. ಪರದೆಯ ಮೂಲೆಯಲ್ಲಿ ನಾಣ್ಯದ ಸಂಖ್ಯೆ ಏರುತ್ತಲೇ ಹೋಯಿತು, ಹುಡುಗಿ ಮಾತ್ರ ಹರಿದ ಬೂಟಿನಲ್ಲಿ ಹಿಮದ ಮೇಲೆ ಗಡಗಡ ನಡುಗುತ್ತ ನಡೆದಳು.

"ಅಪ್ಪಾ, ಎಂಬತ್ತು ನಾಣ್ಯಕ್ಕ ಕಂಬಳಿ ಸಿಗ್ತದರಿ. ನಿಮ್ಮಲ್ಲಿ ನಾಲ್ಕು ಸಾವಿರದ ಮ್ಯಾಲ ಅವ."

"ಚಳಿಗಾಲ ಎಷ್ಟು ದಿನ ಇರ್ತದ? ತಡ್ಕೋತಾಳ."

ಅವ್ವ ಒಳಗಿನಿಂದ, "ಆ ಹುಡುಗಿಗಿ ಕೊಡಸ್ರೀ ಪಾಪ! ನನಗಂತೂ ಕೊಡಸ್ಲಿಲ್ಲ" ಎಂದಳು.

ಪ್ರೆಸ್ಸಿನಲ್ಲಿದ್ದಾಗ ಅಪ್ಪ ಒಂದು ಮಾತು ಹೇಳುತ್ತಿದ್ದರು: ಗೇಟಿನ ಒಳಗೆ ಅದು ಬರೇ ಕಾಗದ, ಹೊರಗೆ ಬಂದ ಮೇಲೆ ರೊಕ್ಕ. ಹಾಗಾದರೆ ಆಟದ ನಾಣ್ಯವೂ ಗೇಟಿನೊಳಗಿನ ಕಾಗದವೇ ಅಲ್ಲವೇ, ಅದು ಎಂದೂ ಹೊರಗೆ ಬರುವುದಿಲ್ಲ, ಒಳಗೇ ಖರ್ಚು ಮಾಡಬೇಕು ಎಂದು ವಾದ ಹೂಡಿದೆ. ಅವರು ಪರದೆಯಿಂದ ಕಣ್ಣು ತೆಗೆಯದೆ, "ಅಲ್ಲಿ ನಾ ಎಣಿಸಿದ್ದು ಒಂದೂ ನಂದಲ್ಲ ಯವ್ವಾ. ಇದು ನಂದು" ಎಂದರು.

ಆದರೆ ಇಂಥ ಆಟ ಆಡಿದವರಿಗೆ ಗೊತ್ತು, ಅಲ್ಲಿನ ನಾಣ್ಯ ಕೂಡಿಡಲಿಕ್ಕೆ ಹುಟ್ಟಿದ್ದಲ್ಲ. ಕತ್ತಲೆಯ ಮೂಲೆಗೂ ನೀವು ಒಮ್ಮೆ ಇಣುಕಲಿ ಎಂದು ಅಲ್ಲಿ ನಾಣ್ಯ ಚೆಲ್ಲಿರುತ್ತಾರೆ. ಅಪಾಯಕ್ಕೆ ಮುಂಚೆ ಒಂದು ಗಳಿಗೆ ನಿಲ್ಲಲಿ ಎಂದು ಅಂಗಡಿ ಇಟ್ಟಿರುತ್ತಾರೆ. ಆಮೆ ಇದ್ದಕ್ಕಿದ್ದಂತೆ ಅಗ್ಗಕ್ಕೆ ಹಗ್ಗ ಮಾರತೊಡಗಿದರೆ ಮುಂದೆ ಕಣಿವೆ ಇದೆ ಎಂದೇ ತಿಳಿಯಬೇಕು. ಬೆಲೆ ಅನ್ನುವುದು ಅಲ್ಲಿ ಒಂದು ಸೂಚನಾಫಲಕ. ಕೊನೆಗೆ ಗಂಟೆ ಸಿಕ್ಕು, ಊರವರೆಲ್ಲ ಕುಣಿಯುವಾಗ, ಹುಡುಗಿಯ ಚೀಲದಲ್ಲಿ ಎಷ್ಟು ಉಳಿದಿದೆ ಎಂದು ಒಬ್ಬರೂ ಕೇಳುವುದಿಲ್ಲ. ಆ ಕೊನೆಯ ಸಂಗತಿಯನ್ನು ಅಪ್ಪನಿಗೆ ಹೇಳುವ ಧೈರ್ಯ ನನಗಾಗಿರಲಿಲ್ಲ.

ಹೀಗೆ ಸಾಗುತ್ತಿದ್ದವರು ಒಂದು ಸೇತುವೆಯ ಹತ್ತಿರ ಬಂದು ನಿಂತರು. ಅದನ್ನು ಮುದಿ ಬಾತುಕೋಳಿಯೊಂದು ಕಾಯುತ್ತದೆ. ದಾಟಲು ಇನ್ನೂರು ನಾಣ್ಯ. ಅಪ್ಪ ಕೆರಳಿದರು. "ಇದರಪ್ಪ ಕಟ್ಟಿಸ್ಯಾನೇನು ಪೂಲು?" ಎಂದವರೇ ಹುಡುಗಿಯನ್ನು ಕೆಳಗೆ ಹೊಳೆಗೆ ಇಳಿಸಿದರು. ಅವಳು ಮುಳುಗಿ ಸತ್ತಳು. ಈ ಆಟದಲ್ಲಿ ಸತ್ತರೆ ಹಿಂದಿನ ಕಲ್ಲುದೀಪದ ಹತ್ತಿರ ಮತ್ತೆ ಎದ್ದು ನಿಲ್ಲುತ್ತಾಳೆ. ಎದ್ದಳು, ಇಳಿದಳು, ಸತ್ತಳು. ಮೂರು ದಿನ ಇದೇ ನಡೆಯಿತು.

"ಅಪ್ಪಾ, ಕೊಟ್ಟು ಬಿಡ್ರಿ. ಎಷ್ಟು ಸರ್ತಿ ಸಾಯಸ್ತೀರಿ ಆಕಿನ್ನ?"

"ಸತ್ರ ಪುಕ್ಕಟೆ ಎದ್ದು ಬರ್ತಾಳ. ರೊಕ್ಕ ಹ್ವಾದ್ರ ಎದ್ದು ಬರ್ತದೇನು?"

ನಾನು ನಕ್ಕೆ. ಅವ್ವನಿಗೆ ಫೋನಿನಲ್ಲಿ ಹೇಳಿ ಅವಳನ್ನೂ ನಗಿಸಿದೆ. ಅವ್ವ ಆಗ ನನ್ನ ಮನೆಯಲ್ಲಿದ್ದಳು, ಒಂದು ವಾರ ಮೊದಲೇ ಸಂಭಾಜಿನಗರಕ್ಕೆ ಬಂದಿದ್ದಳು. ನಾನು ಕೆಲಸದ ಮೇಲೆ ನಾಸಿಕ್‌ಗೆ ಹೋಗಿ ಅಪ್ಪನ ಹತ್ತಿರ ಉಳಿದಿದ್ದೆ, ಬರುವಾಗ ಅವರನ್ನು ಕಾರಿನಲ್ಲಿ ಕರೆತರುವುದೆಂದು ಮಾತಾಗಿತ್ತು.

ಹೊರಟ ದಿನ ಬೆಳಗಿನಿಂದ ಮಳೆ. ಅಪ್ಪನ ಗೆಳೆಯರೊಬ್ಬರು ಸಟಾಣಾದಿಂದ ಕಳಿಸಿದ್ದ ದಾಳಿಂಬೆಯ ಪೆಟ್ಟಿಗೆ ಹಿಂದಿನ ಸೀಟಿನಲ್ಲಿತ್ತು. ನಾನು ಹೊಸ ಎಕ್ಸ್‌ಪ್ರೆಸ್ ರಸ್ತೆಗೆ ಹೋಗೋಣ ಎಂದೆ. ಅಪ್ಪ ಟೋಲ್ ಎಷ್ಟು ಎಂದು ಕೇಳಿದರು. ಹೇಳಿದೆ. ಅವರು ಬಾತುಕೋಳಿಯನ್ನು ನೋಡಿದ ಹಾಗೆಯೇ ನನ್ನನ್ನು ನೋಡಿದರು.

"ಯವಲಾ ಊರ ಮ್ಯಾಲಿಂದ ಹಳೀ ರಸ್ತಾ ಅದ. ನಿನಗಿಂತ ಹೆಚ್ಚಿನ ವಯಸ್ಸಿಂದು. ಪುಕ್ಕಟೆ."

ಒಂದು ತಾಸು ಹೆಚ್ಚಿಗೆ, ಅಷ್ಟೇ ತಾನೆ ಎಂದು ಒಪ್ಪಿದೆ. ಈಗ ನನ್ನ ತಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ತಿರುಗುವುದು ನೀರಲ್ಲ, ಈ ಒಪ್ಪಿಗೆ.

ಯವಲಾ ದಾಟಿದ ಮೇಲೆ ಒಂದು ಕಡೆ ರಸ್ತೆ ಕೆಲಸ ನಡೆದಿತ್ತು. ಒಳದಾರಿಗೆ ತಿರುಗಿಸಿದ್ದರು. ಸ್ವಲ್ಪ ದೂರದಲ್ಲಿ ಒಂದು ಹಳ್ಳ, ಅದರ ಮೇಲೆ ತಡೆಗೋಡೆಯಿಲ್ಲದ ತಗ್ಗು ಸೇತುವೆ. ನೀರು ಅದರ ಮೇಲೆಯೇ ಹರಿಯುತ್ತಿತ್ತು. ಅಂಚಿನ ಸುಣ್ಣ ಬಳಿದ ಕಲ್ಲುಗಳ ತಲೆ ಮಾತ್ರ ಕಾಣುತ್ತಿತ್ತು. ಆಚೆ ದಂಡೆಯಲ್ಲಿ ಈರುಳ್ಳಿ ಚೀಲ ಹೇರಿದ ಟ್ರ್ಯಾಕ್ಟರ್ ಒಂದು ನೀರಿಳಿಯಲೆಂದು ಕಾದು ನಿಂತಿತ್ತು. ಟ್ರ್ಯಾಕ್ಟರೇ ನಿಂತಿದೆ ಎಂದರೆ ಯಾರಿಗಾದರೂ ತಿಳಿಯಬೇಕು.

"ಹಿಂದ ತಿರುಗೋಣ" ಎಂದೆ.

"ಮೊಣಕಾಲಮಟ ಇರ್ತದ. ನೋಡಿ ಬರ್ತೀನಿ, ತಡಿ."

ಅವರು ಇಳಿದರು. ನಾನು ಕೂಗಿ ಬೈಯುವ ಮೊದಲೇ ಬಾನೆಟ್ಟಿನ ಮುಂದೆ ನಿಂತು ಕಿಸೆ ಖಾಲಿ ಮಾಡತೊಡಗಿದರು. ಪಾಕೀಟು, ಮೊಬೈಲು, ಕನ್ನಡಕದ ಡಬ್ಬಿ, ಗಡಿಯಾರ, ಕರವಸ್ತ್ರ. ಕಿಸೆ ತಟ್ಟಿ ನೋಡಿದರು. ಹಳ್ಳಕ್ಕೂ ಒಂದು ಗೇಟು ಇದ್ದಂತೆ! ನಾನು, ದೇವರೇ, ಆಗ ನಗುತ್ತಿದ್ದೆ. ಅವ್ವನಿಗೆ ತೋರಿಸಲು ಫೋಟೋ ತೆಗೆಯಬೇಕೆಂದು ಮೊಬೈಲಿಗೆ ಕೈ ಚಾಚಿದ್ದೆ.

ಛತ್ರಿಯನ್ನು ಕೋಲಿನಂತೆ ಊರಿ ಎಂಟು ಹತ್ತು ಹೆಜ್ಜೆ ಹೋದರು. ಮೊಣಕಾಲಮಟವೇ ಇತ್ತು, ಅವರು ಹೇಳಿದ್ದು ಸುಳ್ಳಲ್ಲ. ನೀರು ಆಳವಿರಲಿಲ್ಲ, ಜೋರಿತ್ತು. ವೈಪರ್ ಒರೆಸಿತು, ಅಪ್ಪ ಇದ್ದರು. ಒರೆಸಿತು, ಇರಲಿಲ್ಲ.

ನಾನು ಬಾಗಿಲು ತೆರೆದದ್ದು ನೆನಪಿಲ್ಲ. ನೀರಿನ ಅಂಚಿನಲ್ಲಿ ನಿಂತಿದ್ದೆ. ಛತ್ರಿ ದೂರದಲ್ಲಿ ತಿರುಗುತ್ತ ಹೋಗುತ್ತಿತ್ತು. ಸೇತುವೆಯ ಕೆಳಬದಿಯ ಒಂದು ಕಲ್ಲನ್ನು ಎರಡು ಕೈಗಳು ಅಪ್ಪಿಕೊಂಡಿದ್ದವು, ನಡುವೆ ಅಪ್ಪನ ತಲೆ. ಆ ಹೊತ್ತಿನಲ್ಲಿ ನನಗೆ ಬಂದ ಯೋಚನೆಯನ್ನು ಹೇಳಲು ನಾಚಿಕೆಯಾಗುತ್ತದೆ. ಕಲ್ಲುದೀಪ ಎಲ್ಲಿದೆ ಎಂದು ಹುಡುಕಿದೆ. ನಿಜವಾಗಿ ಹಿಂದೆ ತಿರುಗಿ ರಸ್ತೆಯ ಕಡೆ ನೋಡಿದೆ.

ಟ್ರ್ಯಾಕ್ಟರಿನವನು ಚೀಲ ಬಿಗಿದಿದ್ದ ಹಗ್ಗ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದ. ಅವನ ಹೆಂಡತಿ ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿಗೆ ಸುತ್ತಿ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದಳು. "ಕಾಕಾ, ಘಟ್ಟ ಧರಾ! ಘಟ್ಟ!" ಗಟ್ಟಿ ಹಿಡಿಯಿರಿ ಎಂದು ಅವನು ಕೂಗುತ್ತ ಕಲ್ಲಿನಿಂದ ಕಲ್ಲಿಗೆ ಬಂದ. ಅಪ್ಪನನ್ನು ಬಗಲಿಗೆ ಹಾಕಿಕೊಂಡು ನನ್ನ ದಂಡೆಗೇ ತಂದುಬಿಟ್ಟ. ಹತ್ತು ನಿಮಿಷ ಆಗಿರಬಹುದು. ನನ್ನ ಲೆಕ್ಕದಲ್ಲಿ ಅದು ಇನ್ನೂ ನಡೆದಿದೆ.

ಅಪ್ಪನ ಮೊಣಕೈ ತರಚಿತ್ತು, ಒಂದು ಚಪ್ಪಲಿ ಹೋಗಿತ್ತು. ಹಲ್ಲು ಕಟಕಟ ಎನ್ನುತ್ತಿದ್ದರೂ ಅವರಿಗೆ ಸತ್ಯ ಹೇಳುವ ಹುಮ್ಮಸ್ಸು. ಟೋಲ್ ಉಳಿಸಲು ಈ ದಾರಿ ಹಿಡಿದದ್ದನ್ನು ಮರಾಠಿಯಲ್ಲಿ ಒಪ್ಪಿಕೊಂಡರು. ಟ್ರ್ಯಾಕ್ಟರಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮಗ್ ಕಾಕಾ, ಆತಾ ಟೋಲ್ ಆಮ್ಹಾಲಾ ದ್ಯಾ!" ಎಂದ. ಹಾಗಾದರೆ ಟೋಲ್ ಈಗ ನಮಗೆ ಕೊಡಿ.

ಅಪ್ಪ ಕಿಸೆಗೆ ಕೈ ಹಾಕಿದರು. ಕಿಸೆ ಖಾಲಿ. ಓಡಿ ಬಾನೆಟ್ಟಿನ ಮೇಲಿನ ಪಾಕೀಟು ತಂದುಕೊಟ್ಟೆ. ಒಳಗಿದ್ದ ನೋಟುಗಳೆಲ್ಲ ನೆನೆದು ಒಂದಕ್ಕೊಂದು ಅಂಟಿದ್ದವು. ಅವರು ಬಿಡಿಸದೆ ಇಡೀ ಕಟ್ಟನ್ನೇ ಹಾಗೆಯೇ ಚಾಚಿದರು. ಹತ್ತು ರೂಪಾಯಿಗೆ ಕಾಯಿಪಲ್ಯದವಳ ಹತ್ತಿರ ಕಾಲು ಗಂಟೆ ವಾದ ಮಾಡುವ ನನ್ನ ಅಪ್ಪ! ಅವನು ಮುಟ್ಟಲಿಲ್ಲ. ಕಾರಿನೊಳಗೆ ಇಣುಕಿ ಪೆಟ್ಟಿಗೆಯಿಂದ ಒಂದು ದಾಳಿಂಬೆ ತೆಗೆದು, ಆಚೆ ನಿಂತ ಹೆಂಡತಿಗೆ ಎತ್ತಿ ತೋರಿಸಿದ. ಅವಳು ಅಲ್ಲಿಂದಲೇ ನನಗೆ ಕೂಗಿ ಹೇಳಿದಳು, ತಾಯೀ, ಅಪ್ಪನನ್ನು ಮನೆಯಲ್ಲಿ ಕಟ್ಟಿಹಾಕಿ ಇಟ್ಟುಕೋ ಎಂದು.

ಹಿಂದೆ ತಿರುಗಿ, ಬಂದಷ್ಟೇ ದೂರ ಮತ್ತೆ ಹೋಗಿ, ಎಕ್ಸ್‌ಪ್ರೆಸ್ ರಸ್ತೆ ಹಿಡಿದು ಮನೆ ಮುಟ್ಟಿದೆವು. ಪೂರ್ತಿ ಟೋಲ್ ಕೊಟ್ಟು.

ಅವತ್ತಿನಿಂದ ನಾನು ಕಾರು ಮುಟ್ಟಲಿಲ್ಲ. ಕೀ ಕೈಗೆ ತೆಗೆದುಕೊಂಡರೆ ವೈಪರಿನ ಸಪ್ಪಳ ಕೇಳುತ್ತಿತ್ತು. ಆಟೋದಲ್ಲಿ ಕೆಲಸಕ್ಕೆ ಹೋದೆ. ಅಪ್ಪ ಟ್ಯಾಬ್ಲೆಟ್ ಮುಟ್ಟಲಿಲ್ಲ. ಹದಿನೈದು ದಿನ ಕಳೆದವು, ಅವರು ನಾಸಿಕ್ ರೋಡಿಗೆ ಮರಳುವ ಹೊತ್ತಾಯಿತು. ನಾನೇ ಒಯ್ದು ಬಿಡಬೇಕೆಂದು ಅಪ್ಪನ ಹಟ, ಬಸ್ಸಿಗೆ ಒಲ್ಲೆ ಎಂದರು. ಟಿಕೀಟಿನ ರೊಕ್ಕಕ್ಕಾಗಿ ಅಲ್ಲ. ಈಗ ನಾನು ಕೂರದಿದ್ದರೆ ಮುಂದೆ ಎಂದೂ ಕೂರುವುದಿಲ್ಲ ಎಂದು ಅವರಿಗೆ ಹೊಳೆದಿತ್ತು. ನನಗೂ ಅದೇ ಭಯವಿತ್ತು.

"ಛಲೋ ಆಯ್ತು" ಎಂದಳು ಅವ್ವ. "ಒಬ್ಬರು ನೀರಿಗಿ ಬೀಳ್ತಾರ, ಒಬ್ಬಾಕಿ ದಂಡಿ ಮ್ಯಾಲ ನಿಂತು ಮುಳುಗ್ತಾಳ. ನಾ ಏನು ಹಾರಿ ಹೋಗ್ಲೇನು ನಾಸಿಕ್‌ಗಿ?"

ಆ ಮಧ್ಯಾಹ್ನ ಅಪ್ಪ ಟ್ಯಾಬ್ಲೆಟ್ ತೆಗೆದುಕೊಂಡು ನನ್ನ ಪಕ್ಕ ಬಂದು ಕುಳಿತರು. ಹುಡುಗಿ ಕಲ್ಲುದೀಪದ ಹತ್ತಿರ ಹಾಗೆಯೇ ನಿಂತಿದ್ದಳು. ಅಪ್ಪ ಅವಳನ್ನು ಹೊಳೆಯ ಕಡೆ ಒಯ್ಯಲಿಲ್ಲ. ಮೊದಲು ಆಮೆಯ ಹತ್ತಿರ ಹೋಗಿ ಕಂಬಳಿ ಕೊಡಿಸಿದರು, ಬೂಟು ಕೊಡಿಸಿದರು. ಆಮೇಲೆ ಬಾತುಕೋಳಿಯ ಮುಂದೆ ನಿಂತು ಬಹಳ ಹೊತ್ತು ಅದನ್ನು ದಿಟ್ಟಿಸಿದರು.

"ಕೊಡ್ಲೇನು?"

"ಕೊಡ್ರಿ, ಅಪ್ಪಾ."

ನಾಣ್ಯಗಳು ಜಣಜಣ ಎಂದು ಇಳಿದವು. ಹುಡುಗಿ ಸೇತುವೆ ದಾಟಿದಳು, ಕಾಲು ಕೂಡ ನೆನೆಯಲಿಲ್ಲ. ಆಚೆ ದಂಡೆ ಮುಟ್ಟಿದ ಮೇಲೆ ಅಪ್ಪ ಹಿಂದೆ ತಿರುಗಿಸಿ ಬಾತುಕೋಳಿಯನ್ನು ನೋಡಿದರು. "ರಸೀದಿನೇ ಕೊಡ್ಲಿಲ್ಲಲ್ಲ ಇದು!" ಎಂದರು. ಹದಿನೈದು ದಿನದಲ್ಲಿ ನಾನು ಮೊದಲ ಸಲ ನಕ್ಕೆ. ನಗುತ್ತ ನಗುತ್ತ ಅತ್ತೆ, ಅದನ್ನು ಅಪ್ಪ ಅವ್ವ ಇಬ್ಬರೂ ಕಾಣದವರಂತೆ ಇದ್ದರು.

ಮರುದಿನ ಬೆಳಿಗ್ಗೆ ಹೊರಡುವಾಗ ಅಪ್ಪ ಅಭ್ಯಾಸದಂತೆ ಬಾಗಿಲ ಪಕ್ಕದ ಮೇಜಿನ ಮೇಲೆ ಎಲ್ಲ ತೆಗೆದು ಇಟ್ಟರು. ಪಾಕೀಟು, ಮೊಬೈಲು, ಕನ್ನಡಕದ ಡಬ್ಬಿ, ಗಡಿಯಾರ, ಕರವಸ್ತ್ರ. ಬಾನೆಟ್ಟಿನ ಮೇಲೆ ಇದ್ದಂತೆಯೇ ಅವು ಐದೂ ಸಾಲಾಗಿ ಕುಳಿತಿದ್ದವು. ಅವರು ಕಿಸೆ ತಟ್ಟಲು ಕೈ ಎತ್ತುವುದರೊಳಗೆ ನಾನು ಹೋಗಿ ಒಂದೊಂದನ್ನೇ ತೆಗೆದು ಅವರ ಕಿಸೆಗಳಿಗೆ ತುಂಬಿದೆ. ಗಡಿಯಾರವನ್ನು ಕೈಗೆ ಕಟ್ಟಿದೆ.

"ಏ, ಹಿಂಗ ತುಂಬಿಕೊಂಡು ಹ್ವಾದ್ರ ಗೇಟಿನಾಗ ಹಿಡೀತಾರ."

"ಹಿಡೀಲಿ ಬಿಡ್ರಿ" ಎಂದು ಕೀ ತೆಗೆದುಕೊಂಡೆ.