ಜಾರಿದ ದಿನಕ್ಕೆ ಒಂದು ಸಾಲು ಕಳೆ

ಅಂಗಿಗೆ ಗುಂಡಿ ಹುಡುಕುತ್ತಾ ಹಳೇ ಟ್ರಂಕಿಗೆ ಕೈ ಹಾಕಿದೆ. ಸಿಕ್ಕಿದ್ದು ಗುಂಡಿಯಲ್ಲ, ಪುಟ್ಟ ತಗಡಿನ ಡಬ್ಬಿ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ ನೋಡಿ... ಆ ಸೀನಿಗೆ ಬೀದಿಯ ನಾಯಿ ಎದ್ದು ಓಡಿತು. ಅಡುಗೆಮನೆಯಿಂದ ಅವ್ವ, "ಆನೆ ಬಂತೇನ್ಲಾ?" ಅಂದಳು. ಡಬ್ಬಿಯ ನಶ್ಯ ಖಾಲಿಯಾಗಿ ವರ್ಷಗಳಾಗಿವೆ. ವಾಸನೆ ಮಾತ್ರ ಮನೆ ಖಾಲಿ ಮಾಡಿಲ್ಲ.

ಅದು ಪಕ್ಕದ ಮನೆಯ ಅಜ್ಜಿಯ ಡಬ್ಬಿ. ನನ್ನ ಹತ್ತಿರ ಒತ್ತೆ ಇಟ್ಟದ್ದು.

ಅಜ್ಜಿಗೆ ಹಣೆ ತುಂಬ ವಿಭೂತಿ, ಮೂಗು ತುಂಬ ನಶ್ಯ. ಚಾಮರಾಜನಗರಕ್ಕೆ ಕೊಟ್ಟಿದ್ದ ಒಬ್ಬಳೇ ಮಗಳಿಗೆ ಬಹಳ ಕಾಲದ ಮೇಲೆ ಹೆಣ್ಣು ಕೂಸು ಹುಟ್ಟಿತ್ತು. ಕೂಸಿಗೆ ಉಬ್ಬಸ. "ನೀನು ನಸ್ಯ ಬುಡೋಗಂಟ ಕೂಸ್ನ ನಿನ್ ಮಡ್ಲಿಗೆ ಆಕಲ್ಲ ಕಣವ್ವ" ಅಂತ ಮಗಳು ಫೋನಿನಲ್ಲಿ ಹೇಳಿಬಿಟ್ಟಳು. ಫೋನಿಗೆ ಸ್ಪೀಕರ್ ಹಾಕಿಕೊಟ್ಟ ಪುಣ್ಯಾತ್ಮ ನಾನೇ. ಇಡೀ ಬೀದಿ ಕೇಳಿಸಿಕೊಂಡಿತು.

ನನಗೂ ಆಗ ಒಂದು ಗ್ರಹಚಾರವಿತ್ತು, ಉಗುರು ಕಚ್ಚುವುದು. ಅದೇ ವಾರ ಜೀರಹಳ್ಳಿ ಕಡೆ ಹೆಣ್ಣು ನೋಡಲು ಹೋದವನು, ಎದುರಿಗೆ ತಟ್ಟೆ ತುಂಬ ಚಕ್ಕುಲಿ ಇದ್ದರೂ ನನ್ನ ಹೆಬ್ಬೆರಳನ್ನೇ ತಿಂದು ಮುಗಿಸಿದ್ದೆ. ಚಕ್ಕುಲಿ ಬೇಡವಾದ ಹುಡುಗ ಅವರಿಗೂ ಬೇಡವಾದ.

ಅಜ್ಜಿ ಡಬ್ಬಿಯನ್ನು ನನ್ನ ಅಂಗೈಗೆ ಒತ್ತಿದಳು. "ಇಬ್ರೂ ಬುಡಾಣ ಕಣ್ಲಾ. ಜಾರುದ್ರೆ ಒತ್ತು ಮುಳುಗೋದ್ರೊಳ್ಗೆ ಬಂದು ನಿಜ ಏಳ್ಬೇಕು. ಬೈಯಂಗಿಲ್ಲ. ಅರ್ಸಿನದ ಒಲ್ದಲ್ಲಿ ಒಂದು ಸಾಲು ಕಳೆ ಕೀಳೋದು, ಅಷ್ಟೆಯಾ."

ಆನೆ ಮೂಸಿಯೂ ನೋಡುವುದಿಲ್ಲ ಅಂತ ನಮ್ಮ ಕಡೆ ಅರಿಶಿನ ಹಾಕುತ್ತಾರೆ. ಅಜ್ಜಿಯ ಅರಿಶಿನದ ಹೊಲ ಮನೆ ಹಿಂದೆಯೇ ಇತ್ತು. ಆ ವರ್ಷ ಅದರಲ್ಲಿ ಒಂದು ಹುಲ್ಲುಕಡ್ಡಿಯೂ ತಲೆ ಎತ್ತಲಿಲ್ಲ. ನೋಡಿದವರೆಲ್ಲ ಅಜ್ಜಿಯ ಕೈಗುಣ ಅಂದರು. ಅದು ನನ್ನ ಬಾಯಿಗುಣ. ಅಜ್ಜಿ ನನ್ನ ಬೆರಳಿಗೆ ಬೇವಿನೆಣ್ಣೆ ಹಚ್ಚಿಯೂ ನೋಡಿದಳು. ಸ್ವಲ್ಪ ದಿನಕ್ಕೆ ನನಗೆ ಬೇವಿನೆಣ್ಣೆಯ ರುಚಿ ಹತ್ತಿಬಿಟ್ಟಿತು.

ಇದ್ದ ಕಡೆಗೇ ವಾಪಸ್ ಹೋಗುವುದಕ್ಕೆ ಅಜ್ಜಿಯ ಬಾಯಲ್ಲಿ ಬೇರೆ ಬೇರೆ ಮಾತಿತ್ತು. ಬಿಟ್ಟ ಜ್ವರ ಮತ್ತೆ ಬಂದರೆ 'ಮರುಕಳಿಸ್ತು'. ಉಳುಮೆ ನಿಂತು ಮುಳ್ಳುಗಂಟಿ ಎದ್ದ ಹೊಲ 'ಬೀಳು ಬಿತ್ತು'. ಪಳಗಿದ ಎತ್ತು ನೊಗಕ್ಕೆ ಕತ್ತು ಕೊಡದಿದ್ದರೆ 'ಮೊಂಡು ಬಿತ್ತು'. ಕುಡಿತ ಬಿಟ್ಟು ಮತ್ತೆ ಹಿಡಿದ ಮೈದುನ 'ಅಳೇ ದಾರಿ ಇಡ್ದ'. ಒಂದು ಸಂಜೆ ಬೆರಳು ಬಚ್ಚಿಟ್ಟುಕೊಂಡು ಹೋಗಿ, "ನಾನು ಕೆಟ್ಟೋದೆ ಅಜ್ಜಿ" ಅಂದೆ. ಬೈಯಂಗಿಲ್ಲ ಅಂದವಳಿಗೆ ಅವತ್ತೊಂದೇ ದಿನ ಸಿಟ್ಟು ಬಂದದ್ದು.

"ಕೆಡೋದು ಆಲು ಕಣ್ಲಾ. ಕೆಟ್ರೆ ಚೆಲ್ಬೇಕು. ಮನ್ಸ ಜಾರ್ತನೆ. ಜಾರ್ದೋನು ಪಂಚೆ ಕೊಡವ್ಕಂಡು ಎದ್ರಾಯ್ತು."

"ನಾನು ಪ್ಯಾಂಟು ಆಕಿವ್ನಲ್ಲ ಅಜ್ಜಿ."

"ಅದ್ಕೇ ಏಳಕ್ಕೆ ಇಷ್ಟೊತ್ತು ನಿಂಗೆ."

ಅವಳೂ ಜಾರುತ್ತಿದ್ದಳು. ಡಬ್ಬಿ ನನ್ನ ಹತ್ತಿರವಿತ್ತು ನಿಜ, ನಶ್ಯದ ಅಂಗಡಿ ಮಾತ್ರ ಇನ್ನೂ ತಾಳವಾಡಿಯಲ್ಲೇ ಇತ್ತು. ಮೂಗು ಕೆಂಪಗೆ ಮಾಡಿಕೊಂಡು ನಮ್ಮ ಬಾಗಿಲಿಗೆ ಬಂದು "ಜಾರ್ದೆ ಕಣ್ಲಾ" ಅಂದು ಹೊಲಕ್ಕೆ ಹೋಗುವಳು. ಬರಬರುತ್ತಾ ಆ ಬರುವುದು ಕಡಿಮೆಯಾಯಿತು. ಅಮ್ಮ ಬಿಟ್ಟಿದ್ದಾಳೆ ಅಂತ ನಂಬಿ ಮಗಳು ಕೂಸಿನ ಜೊತೆ ಹೊರಟಳು.

ಅವತ್ತು ಬೆಳಿಗ್ಗೆಯೇ ಅಜ್ಜಿ ಜಾರಿದಳು. ಖುಷಿಗೋ ಗಾಬರಿಗೋ...

"ಮೊಕ ತೊಳ್ಕಂಡು ಬುಡು ಅಜ್ಜಿ. ಯಾರ್ಗೂ ಗೊತ್ತಾಗಲ್ಲ. ನಾನು ಬಾಯಿ ಬುಡಲ್ಲ" ಅಂದೆ.

"ಬಾಯ್ತುಂಬ ಬೆರ್ಳು ಇಟ್ಕಂಡು ಎಂಗ್ಲಾ ಬುಟ್ಟಿಯೆ?"

ಬಸ್ಸು ಬಂತು. ಅಜ್ಜಿಯ ಮಗಳು, ನನಗೆ ಅಕ್ಕ, ಇಳಿದವಳೇ ನಗುತ್ತಾ ಕೂಸನ್ನು ಮುಂದೆ ಚಾಚಿದಳು. ಅಜ್ಜಿಯ ಕೈಗಳು ಅರ್ಧ ಮೇಲೆದ್ದವು. ಅಲ್ಲೇ ನಿಂತವು. ಕೆಳಗಿಳಿದವು.

"ಬೆಳಿಗ್ಗೆ ಜಾರ್ಬುಟ್ಟೆ ಕಣವ್ವ. ಈಗ ಬ್ಯಾಡ."

ಅಕ್ಕ ಕೂಸನ್ನು ಎದೆಗೆ ಎಳೆದುಕೊಂಡಳು. ಅಜ್ಜಿ ಹೊಸ ಸೀರೆಯನ್ನೇ ಎತ್ತಿ ಸಿಕ್ಕಿಸಿ ಹೊಲಕ್ಕಿಳಿದಳು. ಜೊತೆಗೆ ಕೂತ ನನಗೆ "ಏಳ್ಲಾ, ಇದು ನಿನ್ ಸಾಲಲ್ಲ" ಅಂದಳು. ನಾನು ಎದ್ದು ಬದುವಿನ ಮೇಲೆ ಕೂತು... ಹೂಂ, ಉಗುರು ಕಚ್ಚಿದೆ.

ಅಕ್ಕ ಕೂಸನ್ನೆತ್ತಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತಳು. ಸಾಲು ಮುಗಿದ ಮೇಲೆ ಹೇಳಿದಳು, "ಒಂದು ಸುಳ್ಳಾದ್ರೂ ಏಳ್ಬೋದಿತ್ತಲ್ಲವ್ವ."

"ಏಳ್ಬೋದಿತ್ತು. ಆಮ್ಯಾಕೆ ಕೂಸಿನ ಜೊತ್ಗೆ ಆ ಸುಳ್ಳ್ನೂ ಎತ್ಕಬೇಕಿತ್ತು."

ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಓಗು, ತಲೆ ಮೇಲೆ ನೀರುಯ್ಕಂಡು ಬ್ಯಾರೆ ಸೀರೆ ಉಟ್ಕ ಬಾ."

ಮಿಂದು ಬಂದು ಜಗಲಿಯ ಮೇಲೆ ಕೂತ ಅಜ್ಜಿಯ ಮಡಿಲಿಗೆ ಕೂಸು ಬಂತು. ಬಂದದ್ದೇ ಅದು ಮೊದಲು ಹಿಡಿದದ್ದು ಅಜ್ಜಿಯ ಮೂಗನ್ನು.

ಅಜ್ಜಿ ಆಮೇಲೂ ಜಾರಿದಳು, ಎದ್ದಳು. ಜಾರುವುದಕ್ಕಿಂತ ಏಳುವುದೇ ಅವಳಿಗೆ ಅಭ್ಯಾಸವಾಗಿತ್ತು. ಹೋದ ವರ್ಷ ಶಿವನ ಪಾದ ಸೇರಿದಳು. ಅಲ್ಲಿ ಯಾವ ಹೊಲದಲ್ಲಿ ಕೂತಿದ್ದಾಳೋ...

ಡಬ್ಬಿಯನ್ನು ಟ್ರಂಕಿಗೆ ಹಾಕುವಾಗ ನೋಡಿಕೊಂಡೆ, ಬೆರಳು ಬಾಯಲ್ಲಿತ್ತು. ಪಕ್ಕದ ಮನೆ ಬಾಗಿಲ ತನಕ ಹೋದೆ. 'ಜಾರ್ದೆ ಅಜ್ಜಿ' ಅನ್ನಲು ಅಲ್ಲಿ ಯಾರೂ ಇರಲಿಲ್ಲ. ಸುಮ್ಮನೆ ಹಿಂದಿನ ಹೊಲಕ್ಕೆ ನಡೆದೆ. ಅದನ್ನೀಗ ನಾವೇ ನೋಡಿಕೊಳ್ಳುತ್ತೇವೆ, ಈಗಲೂ ಅರಿಶಿನವೇ.

ಅರ್ಧ ಸಾಲು ಕಿತ್ತಿದ್ದೆ. ರಜೆಗೆ ನಮ್ಮ ಮನೆಗೆ ಬಂದಿರುವ ಅಕ್ಕನ ಮಗಳು, ಅವತ್ತಿನ ಆ ಕೂಸು, ಬದುವಿನ ಮೇಲೆ ಬಂದು ನಿಂತಳು.

"ಮಾವ, ಇವತ್ತೂ ಜಾರುದ್ರಾ?"

"ಊಂ ಕಣವ್ವ."

ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. "ಬೈಯಂಗಿಲ್ಲ, ಅಲ್ವಾ?"

"ಬೈಯಂಗಿಲ್ಲ."

ಚೀಪಿ ಚೀಪಿ ಒದ್ದೆಯಾಗಿದ್ದ ಹೆಬ್ಬೆರಳನ್ನು ಲಂಗಕ್ಕೆ ಒರೆಸಿಕೊಂಡು, ಪಕ್ಕದ ಸಾಲಿನಲ್ಲಿ ಕೂತಳು.