ನಡುಮನೆಯಲ್ಲಿ ಆಡಿದ ಮಾತು

ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ನಮ್ಮ ಮಾವನವರು ಕೇಳಿದ್ದು ಒಂದೇ, ದೊಡ್ಡ ಟಿವಿ. "ಇಷ್ಟು ವರ್ಷ ಮಬ್ಬುಮಬ್ಬಾಗಿ ನೋಡ್ದೆ ಕಣಮ್ಮ. ಇನ್ಮೇಲೆ ನೋಡೋದಾದ್ರೆ ದೊಡ್ಡದಾಗೇ ನೋಡ್ಬೇಕು" ಎಂದರು. ಯಗಟಿಯ ತೆಂಗಿನ ತೋಟವನ್ನು ಗುತ್ತಿಗೆಗೆ ಕೊಟ್ಟು, ಅತ್ತೆಯವರು ಹೋದ ಮೇಲೆ ಕಡೂರಿನಲ್ಲಿ ನಮ್ಮ ಜೊತೆಗೇ ಇದ್ದವರು ಅವರು. ತಮಗೆ ಅಂತ ಒಂದು ಟವೆಲು ಕೂಡ ಕೇಳಿದವರಲ್ಲ. ನನ್ನ ಗಂಡ ಕಾಯಿ ವ್ಯಾಪಾರದವರು. ಯಾವುದನ್ನು ಕೊಳ್ಳುವಾಗಲೂ ಹತ್ತು ಸಲ ತಿರುಗಿಸಿ ನೋಡುವವರು ಅಂದು ಮಾತ್ರ ಎರಡನೇ ಮಾತಾಡದೆ ಅರವತ್ತೈದು ಇಂಚಿನದನ್ನೇ ತಂದರು.

ಅಂಗಡಿಯ ಇಬ್ಬರು ಬಂದು ಗೋಡೆ ಕೊರೆದು ಅದನ್ನು ನೇತುಹಾಕಿ ಹೋದರು. ನನಗೆ ಮೊದಲ ದಿನದಿಂದಲೂ ಅದರ ಮೇಲೆ ನಂಬಿಕೆ ಬರಲಿಲ್ಲ. ಹಳೆಯ ಟಿವಿ ಆರಿಸಿದರೆ ಆರುತ್ತಿತ್ತು. ಇದು ಆರಿಸಿದರೂ ಕೆಳಗೊಂದು ಪುಟ್ಟ ದೀಪ ಉರಿಸಿಕೊಂಡೇ ಇರುತ್ತಿತ್ತು. ನಾನು ಕಸ ಗುಡಿಸುವುದು, ಸೋಫಾದ ಮೇಲೆ ಕಾಲು ಚಾಚಿ ಕೂರುವುದು ಎಲ್ಲವೂ ಆ ಕಪ್ಪು ಗಾಜಿನಲ್ಲಿ ನೆರಳಾಗಿ ಕಾಣುತ್ತಿತ್ತು. ರಿಮೋಟಿಗೆ ಬಾಯಿಟ್ಟು ಹೇಳಿದರೆ ಸಾಕು, ಹೇಳಿದ್ದನ್ನು ಹಾಕುತ್ತಿತ್ತು. ಅದಕ್ಕೆ ಹೇಳಿದ ಮಾತು ಕೇಳಿಸುತ್ತದೆ ಎಂದರೆ ಅದಕ್ಕೆ ಹೇಳದ ಮಾತೂ ಕೇಳಿಸಬೇಕಲ್ಲ? ಒಂದು ದಿನ ನಮ್ಮ ಗ್ರೈಂಡರ್ ಕೆಟ್ಟಿತೆಂದು ಮಾತಾಡಿಕೊಂಡೆವು. ಸಂಜೆ ಟಿವಿಯಲ್ಲಿ ಗ್ರೈಂಡರ್ ಜಾಹೀರಾತು!

"ನಿನ್ನ ದೋಸೆ ಹಿಟ್ಟಿನ ಚಿಂತೆ ಅದಕ್ಯಾಕೆ ಬೇಕೇ?" ಎಂದು ಗಂಡ ನಕ್ಕರು. ನಾನು ನಗಲಿಲ್ಲ.

ಸ್ವಲ್ಪ ದಿನದಲ್ಲೇ ಅದರ ನೆತ್ತಿಯ ಮೇಲೊಂದು ಕ್ಯಾಮೆರಾ ಬಂತು. ಮಾವನವರ ಅಕ್ಕ ಇರುವುದು ಅಜ್ಜಂಪುರದಲ್ಲಿ. ನಾನೂ ಅವರನ್ನು ಅತ್ತೆ ಎಂದೇ ಕರೆಯುವುದು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಆಪರೇಷನ್ ಆಗಿ ಮಲಗಿದ್ದರು. ಮನೆ ತುಂಬ ಜನ. ಆದರೆ ಹಗಲಿನಲ್ಲಿ ಎಲ್ಲರೂ ಅಂಗಡಿ, ಕೆಲಸ ಎಂದು ಹೊರಗೆ. ಅವರ ಮೊಮ್ಮಗಳು ಒಂದು ಭಾನುವಾರ ನಮ್ಮಲ್ಲಿಗೆ ಬಂದು, ಚಿಕ್ಕ ಮಕ್ಕಳಂತೆ ಕಚ್ಚಾಡುವ ಈ ಅಕ್ಕ ತಮ್ಮ ಮುಖ ನೋಡಿಕೊಂಡು ಮಾತಾಡಲಿ ಎಂದು ಕ್ಯಾಮೆರಾ ಕೂರಿಸಿ, ಮಾವನವರಿಗೆ ಯಾವ ಬಟನ್ ಒತ್ತಬೇಕೆಂದು ಹೇಳಿಕೊಟ್ಟಳು. ಅತ್ತೆಯ ಹಾಸಿಗೆಯ ಪಕ್ಕ ಒಂದು ಟ್ಯಾಬ್ ನಿಲ್ಲಿಸಿದ್ದಳಂತೆ. ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಅತ್ತೆಯ ಮುಖ ಗೋಡೆಯಗಲ ಹರಡಿಕೊಂಡಿರುತ್ತಿತ್ತು.

"ಅಕ್ಕಾ, ನಿನ್ನ ಮೂಗುಬೊಟ್ಟು ಊಟದ ತಟ್ಟೆಯಷ್ಟು ಕಾಣ್ತೈತೆ" ಎಂದು ಮಾವನವರು ರೇಗಿಸುತ್ತಿದ್ದರು. ಮಾತು ಮುಗಿದ ಮೇಲೆ ರಿಮೋಟ್ ಒತ್ತಿ, ಪರದೆ ಕಪ್ಪಾದದ್ದನ್ನು ನೋಡಿ, ಮಠದ ಕಡೆ ನಡೆಯುತ್ತಿದ್ದರು.

ನಾನು ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ದಿನಾ ರೈಲಿನಲ್ಲಿ ಹೋಗಿ ಬರುವುದು. ಒಂದು ದಿನ ಸ್ಟಾಫ್ ರೂಮಿನಲ್ಲಿ ಜೊತೆಯ ಟೀಚರೊಬ್ಬರು ನನ್ನ ಕುತ್ತಿಗೆ ನೋಡಿ, "ಇದೇನ್ರೀ ಇಲ್ಲಿ ಊದಿದೆ?" ಎಂದರು. ಶಿವಮೊಗ್ಗದಲ್ಲಿ ಸ್ಕ್ಯಾನ್ ಆಯಿತು, ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೂ ಕಳಿಸಿದರು. ಅಂದು ಸಂಜೆ ಮಾವನವರು ಮಠಕ್ಕೆ ಹೋಗಿದ್ದಾಗ ನಡುಮನೆಯಲ್ಲಿ ಕೂತು ಗಂಡನಿಗೆ ಎಲ್ಲ ಹೇಳಿದೆ. "ರಿಪೋರ್ಟ್ ಬರೋವರೆಗೂ ಯಾರಿಗೂ ಹೇಳ್ಬೇಡಿ. ಮಾವನಿಗೂ ಬೇಡ" ಎಂದೆ. ಅವರು ತಲೆಯಾಡಿಸಿ ಎದ್ದು ಹೋದ ಮೇಲೆ ಅಲ್ಲೇ ಕೂತು ಒಬ್ಬಳೇ ಅತ್ತುಬಿಟ್ಟೆ.

ಎರಡು ದಿನಕ್ಕೆ ಅಜ್ಜಂಪುರದಿಂದ ಫೋನ್ ಬಂತು. ಅತ್ತೆಯ ಸೊಸೆ. ಊಟ, ಬಿಸಿಲು, ಅತ್ತೆಯ ಆರೋಗ್ಯ ಎಲ್ಲ ಮುಗಿದ ಮೇಲೆ ಮೆಲ್ಲಗೆ, "ಗಂಟಲು ಹೆಂಗೈತಕ್ಕಾ ಈಗ?" ಎಂದಳು.

ಏನೋ ಒಂದು ಹೇಳಿ ಫೋನ್ ಇಟ್ಟೆ. ಗಂಡ ಮನೆಗೆ ಕಾಲಿಟ್ಟ ಕೂಡಲೇ ಹಿಡಿದುಕೊಂಡೆ.

"ನಿಮ್ಮನ್ನ ಬಿಟ್ರೆ ಇನ್ಯಾರಿಗೆ ಗೊತ್ತಿತ್ತು?"

"ನಾನು ಉಸಿರೇ ಬಿಟ್ಟಿಲ್ಲ ಕಣೇ. ದೇವ್ರ ಮುಂದೆ ಆಣೆ ಮಾಡ್ಲಾ?"

"ಆಣೆ ಯಾರು ಬೇಕಾದ್ರೂ ಮಾಡ್ತಾರೆ."

ಆ ಮಾತಿನ ಮೇಲೆ ಅವರು ನಾಲ್ಕು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಾನು ಅವರ ಫೋನನ್ನು ಕದ್ದು ನೋಡಿದೆ. ಏನೂ ಸಿಗಲಿಲ್ಲ. ಅಳಿಸಿರಬೇಕು ಅಂದುಕೊಂಡೆ. ಸ್ಟಾಫ್ ರೂಮಿನ ಆ ಟೀಚರಿಗೆ ಅಜ್ಜಂಪುರದಲ್ಲಿ ನೆಂಟರಿದ್ದಾರೆಯೇ ಎಂದು ಸುತ್ತಿಬಳಸಿ ವಿಚಾರಿಸಿದೆ. ಇರಲಿಲ್ಲ. ಸಂಶಯ ಒಂದು ಸಲ ಹೊಕ್ಕರೆ ಎಲ್ಲರ ಮುಖವೂ ಬೇರೆಯಾಗಿ ಕಾಣುತ್ತದೆ. ನೀರು ಬಿಡಲು ಬರುವವನು ಬಾಗಿಲಲ್ಲಿ ಒಂದು ಗಳಿಗೆ ನಿಂತರೂ ನನಗೆ ಕಸಿವಿಸಿ.

ಕೊನೆಗೆ ಮಕ್ಕಳಿಗೆ ಕಲಿಸುವ ಹಾಗೆ ನಾನೂ ಒಂದು ಪ್ರಯೋಗ ಮಾಡಿದೆ. ಎರಡು ಸುಳ್ಳು, ಎರಡು ಜಾಗ, ಕೇಳುವವರು ಮಾತ್ರ ಒಬ್ಬರೇ. ನಡುಮನೆಯಲ್ಲಿ ಗಂಡನಿಗೆ, "ಭಾನುವಾರ ಕೆಮ್ಮಣ್ಣುಗುಂಡಿಗೆ ಹೋಗಿ ಬರೋಣ್ವಾ?" ಎಂದೆ. ಅಡುಗೆಮನೆಯಲ್ಲಿ ಅವರಿಗೇ, "ನನಗೆ ದೇವನೂರಿಗೆ ವರ್ಗ ಆಗುತ್ತಂತೆ" ಎಂದೆ. ಅವರು ಎರಡಕ್ಕೂ ಹೂಂಗುಟ್ಟಿದರು.

ಶನಿವಾರ ಅಜ್ಜಂಪುರದಿಂದ ಮತ್ತೆ ಫೋನ್. "ಕೆಮ್ಮಣ್ಣುಗುಂಡೀಲಿ ಗಾಳಿ ಜಾಸ್ತಿಯಂತೆ ಅಕ್ಕಾ, ಕುತ್ತಿಗೆಗೆ ಏನಾದ್ರೂ ಸುತ್ಕೊಂಡು ಹೋಗ್ಬೇಕಂತೆ. ಅತ್ತೆ ಹೇಳ್ತಾವ್ರೆ."

ದೇವನೂರಿನ ಸುದ್ದಿಯೇ ಇಲ್ಲ. ಗಂಡ ಹೇಳಿದ್ದರೆ ಎರಡೂ ಹೋಗಬೇಕಿತ್ತು. ಹೋದದ್ದು ನಡುಮನೆಯ ಮಾತು ಮಾತ್ರ. ಗಂಡನ ಹತ್ತಿರ ತಪ್ಪಾಯಿತು ಅನ್ನಬೇಕಿತ್ತು. ಬಾಯಿ ಬರಲಿಲ್ಲ.

ಮುಂದಿನ ವಾರ ಶಾಲೆ ಅರ್ಧ ದಿನಕ್ಕೇ ಬಿಟ್ಟಿತು. ಮಧ್ಯಾಹ್ನ ಮನೆಗೆ ಬಂದರೆ ಮಾವನವರು ಕುರ್ಚಿಯಲ್ಲೇ ತಲೆ ವಾಲಿಸಿ ನಿದ್ದೆ ಹೋಗಿದ್ದರು. ಟಿವಿ ಕಪ್ಪಗಿತ್ತು. ಆದರೆ ಮೇಲಿನ ಕ್ಯಾಮೆರಾದಲ್ಲೂ ಸಾಸಿವೆಯಷ್ಟು ಬೆಳಕು ಕಂಡಿತು. ಅಡುಗೆಮನೆಯಿಂದ ಸ್ಟೂಲು ತಂದು ಸದ್ದಾಗದಂತೆ ಹತ್ತಿದೆ. ಮುಖವನ್ನು ಅದರ ಹತ್ತಿರ ಒಯ್ದೆ.

ಗೋಡೆ ಕೆಮ್ಮಿತು.

"ಶಿವ ಶಿವಾ" ಎಂದಿತು ಗೋಡೆ. ಆಮೇಲೆ ತಡೆಯಲಾಗದೆ, "ಬಿದ್ದೀಯ ಕಣೇ! ಸ್ಟೂಲು ಅಲ್ಲಾಡ್ತೈತೆ!"

ಮಾವನವರು ಎಚ್ಚರಗೊಂಡು, ಸ್ಟೂಲಿನ ಮೇಲಿದ್ದ ನನ್ನನ್ನು ನೋಡಿ, ರಿಮೋಟ್ ಒತ್ತಿದರು. ಅತ್ತೆಯ ಮುಖ ಗೋಡೆಯಗಲ ಬಂದು ನಿಂತಿತು. ನನಗಿಂತ ಹೆಚ್ಚು ಹೆದರಿದ ಮುಖ.

ಚಿತ್ರವನ್ನು ಮಾತ್ರ ಆರಿಸುವ ಬಟನ್ ಒಂದಿತ್ತಂತೆ. ಮಾವನವರು ಅದನ್ನು ಒತ್ತುತ್ತಿದ್ದರು, ಕರೆ ಹಾಗೇ ನಡೆಯುತ್ತಿತ್ತು. ಅತ್ತೆ ತಮ್ಮ ಕಡೆಯ ಸದ್ದು ನಿಲ್ಲಿಸಿಕೊಂಡು ಮಲಗಿದಲ್ಲೇ ನಮ್ಮನ್ನು ನೋಡುತ್ತಿದ್ದರು. ಅಂದು ಸದ್ದು ನಿಲ್ಲಿಸಲು ಮರೆತಿದ್ದರು, ಅಷ್ಟೇ.

"ಅಕ್ಕನಿಗೆ ಸೂರು ನೋಡಿ ನೋಡಿ ಸಾಕಾಗೈತೆ ಕಣಮ್ಮ" ಎಂದರು ಮಾವನವರು, ನನ್ನ ಮುಖ ನೋಡದೆ. "ನಮ್ಮನೆ ಓಡಾಟನಾದ್ರೂ ನೋಡ್ಲಿ ಅಂತ..."

"ನನ್ನನ್ನ ಒಂದು ಮಾತು ಕೇಳ್ಬೇಕಿತ್ತಲ್ವಾ ಮಾವ?"

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ."

ಅನ್ನುತ್ತಿದ್ದೆ, ನಿಜ. ಆದರೆ ಸಿಟ್ಟೇನೂ ಇಳಿಯಲಿಲ್ಲ. ಸ್ವಿಚ್ ಆರಿಸಿ, ಕ್ಯಾಮೆರಾ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಆ ನಡುಮನೆಯಲ್ಲಿ ನಾನು ಏನೇನು ಆಡಿದ್ದೆ ಎಂದು ನೆನೆಸಿಕೊಂಡಷ್ಟೂ ಮೈ ಬಿಸಿಯಾಗುತ್ತಿತ್ತು. ಅತ್ತೆಯ ಬಗ್ಗೆಯೇ, "ಹಾಸಿಗೆ ಹಿಡಿದ್ರೂ ಯಜಮಾನಿಕೆ ಬಿಟ್ಟಿಲ್ಲ" ಎಂದು ಗಂಡನ ಹತ್ತಿರ ಎಷ್ಟು ಸಲ ಅಂದಿದ್ದೆನೋ. ಆರು ದಿನ ಮಾವನವರಿಗೆ ಊಟ ಬಡಿಸಿದೆ, ಮಾತು ಬಡಿಸಲಿಲ್ಲ.

ಆ ವಾರದ ಕೊನೆಗೆ ರಿಪೋರ್ಟ್ ಬಂತು. ಕೆಟ್ಟ ಗಂಟೇನೂ ಅಲ್ಲ, ಮಾತ್ರೆ ಸಾಕು ಎಂದರು. ಭಾನುವಾರ ಗಂಡನೊಡನೆ ಬೀರೂರಿಗೆ ಹೋಗಿ ಅಜ್ಜಂಪುರದ ರೈಲಿಗೆ ಕಾದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, "ನಿಮ್ಮ ಫೋನೂ ನೋಡಿದ್ದೆ" ಎಂದೆ. "ಗೊತ್ತಾಯ್ತು. ಅಂಚಿಗೆಲ್ಲ ಹಿಟ್ಟು ಮೆತ್ತಿತ್ತು" ಎಂದರು. ಅಷ್ಟೇ ನಮ್ಮ ರಾಜಿ.

ಅತ್ತೆ ಪರದೆಯಲ್ಲಿ ಕಂಡದ್ದಕ್ಕಿಂತ ಬಹಳ ಸಣ್ಣಗಾಗಿದ್ದರು. ಜಗಳವಾಡಬೇಕೆಂದೇ ಹೋಗಿದ್ದವಳು ಮಂಚದ ಅಂಚಿನಲ್ಲಿ ಕೂತೆ. ಅವರೇ ಶುರು ಮಾಡಿದರು.

"ಅವತ್ತು ನೀನು ಅತ್ತಿದ್ದು ನೋಡ್ದೆ ಕಣೇ. ಮಾತಾಡಿಸ್ಬೇಕು ಅಂತ ಬಾಯಿಗೆ ಬಂದಿತ್ತು. ಮಾತಾಡಿದ್ರೆ ಸಿಕ್ಕಿಬೀಳ್ತೀನಲ್ಲ ಅಂತ ಸುಮ್ಕಾದೆ. ಮನಸು ತಡೀಲಿಲ್ಲ, ಸೊಸೆ ಕೈಲಿ ಕೇಳಿಸ್ದೆ."

ನಾನೂ ಕೇಳಿದೆ. "ನಿಮ್ಮ ಬಗ್ಗೆ ನಾನು ಅಂದಿದ್ದೂ ಕೇಳಿಸ್ತಾ ಅತ್ತೆ?"

"ಯಜಮಾನಿಕೆ ಇಚಾರ ತಾನೆ? ಅದು ನಿಜಾನೇ ಅಲ್ವೇನೇ" ಎಂದು ನನ್ನ ಕೈ ಹಿಡಿದುಕೊಂಡರು. ಕೈ ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ.

ಕ್ಯಾಮೆರಾ ಮತ್ತೆ ಟಿವಿಯ ಮೇಲೆ ಬಂತು. ಕರೆ ಇರುವಷ್ಟು ಹೊತ್ತೂ ಅತ್ತೆಯ ಮುಖ ಪರದೆಯಲ್ಲಿ ಕಾಣಬೇಕು ಎಂಬುದು ನನ್ನ ಕಟ್ಟಳೆ. ಮಾವನವರು ಇದುವರೆಗೂ ಮೀರಿಲ್ಲ ಎನ್ನುತ್ತಾರೆ. ನಾನು ಗುಟ್ಟಿನ ಮಾತನ್ನು ಈಗಲೂ ಅಡುಗೆಮನೆಯಲ್ಲೇ ಆಡುವುದು.

ನಾಲ್ಕೈದು ತಿಂಗಳ ಮೇಲೆ ಅತ್ತೆ ವಾಕರ್ ಹಿಡಿದು ನಡೆಯುವಂತಾಗಿ, ಸೊಸೆಯ ಜೊತೆ ಕಾರಿನಲ್ಲಿ ಕಡೂರಿಗೆ ಬಂದರು. ನಡುಮನೆಯನ್ನೆಲ್ಲ ಒಮ್ಮೆ ಸುತ್ತ ನೋಡಿ, "ಇಷ್ಟೇನೇ ನಿಮ್ಮನೆ? ಅದ್ರಲ್ಲಿ ದೊಡ್ಡದಾಗಿ ಕಾಣೋದು" ಎಂದರು. ಸೊಸೆ ಕಾಫಿ ಲೋಟ ತೊಳೆಯಲು ಒಳಗೆ ಹೋದ ಕೂಡಲೇ ನನ್ನನ್ನು ಹತ್ತಿರ ಕರೆದರು. ಅವಳ ವಿಷಯ ಏನೋ ಹೇಳಲು ಬಾಯಿ ತೆರೆದವರು ನಿಲ್ಲಿಸಿ, ಗೋಡೆಯ ಕಡೆ ಓರೆಗಣ್ಣಲ್ಲಿ ನೋಡಿದರು.

"ಅದು ಈಗ ಪೂರ್ತಿ ಆರೈತೇನೇ?"

"ಆರಿದೆ ಅತ್ತೆ."

ಅವರು ನಂಬಲಿಲ್ಲ. ನನ್ನ ಕೈಲಿ ಕುರ್ಚಿ ತಿರುಗಿಸಿಕೊಂಡು, ಟಿವಿಗೆ ಬೆನ್ನು ಹಾಕಿ ಕೂತ ಮೇಲೆಯೇ, ಬಾಯಿಗೆ ಸೆರಗು ಅಡ್ಡ ಹಿಡಿದು ಶುರು ಮಾಡಿದರು.